ಎದ್ದು ನಿಂತರೆ ಮಡಿಲೆಲ್ಲಿ

ಬ್ರಹ್ಮಾವರ
೧೮ ನವೆಂಬರ್ ೨೦೦೬
ಶನಿವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಅಮ್ಮಾ ಎಂದು ಬರೆದಾದ ಮೇಲೆ ನೋಡಿಕೊಂಡೆ. ಹೊಡೆದುಹಾಕಲು ಮನಸ್ಸಾಗಲಿಲ್ಲ, ಹಾಳೆ ಕೊಳಕಾಗುತ್ತದೆ. ಮೂರು ವರ್ಷ ನಿಮ್ಮನ್ನು ಹಾಗೆಯೇ ಕರೆದ ಬಾಯಿ ಇದು, ಕೈಗೂ ಅದೇ ಅಭ್ಯಾಸ ಉಳಿದಿರಬೇಕು. ನೀವು ಮಾತ್ರ ದೊಡ್ಡಮ್ಮ ಎಂದೇ ಓದಿಕೊಳ್ಳಿ. ಕಮಲಾಕ್ಷನ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾನು, ವಿನಯಾ, ಮಕ್ಕಳಿಬ್ಬರೂ ಕ್ಷೇಮ. ನಿಮ್ಮ ಮಂಡಿನೋವು ಹೇಗಿದೆ? ನೀವೀಗ ನೆಲಕ್ಕೆ ಕೂರುವುದನ್ನೇ ಬಿಟ್ಟಿದ್ದೀರಂತೆ, ಊಟ ಮೇಜಿನ ಮೇಲಂತೆ, ಭಜನೆಗೂ ಪ್ಲಾಸ್ಟಿಕ್ ಕುರ್ಚಿಯಂತೆ. ನಿಮ್ಮ ಮಗ ಶ್ರೀಶನೇ ಫೋನಿನಲ್ಲಿ ಹೇಳಿದ. ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದೀರಾ? ಕುರ್ಚಿಯಿಂದ ಏಳುವಾಗ ಯಾರಾದರೂ ಕೈ ಕೊಡಬೇಕಾಗುತ್ತದೆ ಎಂದು ಕೇಳಿ ಬೇಸರವಾಯಿತು. ಒಂದು ಕಾಲದಲ್ಲಿ ನೀವು ಎಷ್ಟು ಸಲೀಸಾಗಿ ಎದ್ದುಬಿಡುತ್ತಿದ್ದಿರಿ ಎನ್ನುವುದು ನನಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು!

ನಿಮ್ಮ ಕಾಗದ ಕಳೆದ ವಾರದ ಸೋಮವಾರ ಬಂತು. ಮೊದಲು ಓದಿದವನು ನಮ್ಮ ದೊಡ್ಡ ಮಾಣಿ. ಮೂರನೇ ಕ್ಲಾಸು, ಕನ್ನಡ ಅಕ್ಷರ ಕಂಡರೆ ಬಿಡುವವನಲ್ಲ, ಅಂಗಡಿಯ ಪೊಟ್ಟಣವನ್ನೂ ಓದುತ್ತಾನೆ. ಜಗಲಿಯಲ್ಲಿ ಕೂತು ಅಕ್ಷರಕ್ಕೆ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ. ಶ್ರೀಶನಿಗೆ ಮದುವೆಯಾಗಿ ಏಳು ವರ್ಷವಾಯಿತು, ಯಾಮಿನಿಯ ಮಡಿಲು ತುಂಬಲಿಲ್ಲ, ನಿನಗೆ ದೇವರು ಇಬ್ಬರನ್ನು ಕೊಟ್ಟಿದ್ದಾನೆ, ಚಿಕ್ಕವನನ್ನು ಅವರ ಮಡಿಲಿಗೆ ಹಾಕು, ಇದು ನಮ್ಮಲ್ಲಿ ಹೊಸತಲ್ಲ, ನಿನ್ನನ್ನೂ ನಿನ್ನಮ್ಮ ವನಜ ನನ್ನ ಮಡಿಲಿಗೆ ಹಾಕಿದ್ದಳಲ್ಲ. ಇಷ್ಟು ಓದಿ ಹುಡುಗ ನಿಲ್ಲಿಸಿದ. ಅಂಗಳದಲ್ಲಿ ಬಕೆಟ್ಟಿಗೆ ಕೈ ಹಾಕಿ ನೀರಾಡುತ್ತಿದ್ದ ತಮ್ಮನನ್ನು ನೋಡಿ, "ಅಪ್ಪಯ್ಯ, ಕೀರ್ತನ್‌ನ ಕೊಡ್ತ್ರಿಯಾ? ಕೊಟ್ರೆ ಮತ್ತೆ ಅಂವ ವಾಪಾಸ್ ಬತ್ನಾ?" ಎಂದು ಕೇಳಿದ. ಕಾಗದ ಕಿತ್ತುಕೊಂಡು ಉಳಿದದ್ದನ್ನು ನಾನೇ ಓದಿದೆ. ಬರುವ ೨೭ರ ಸೋಮವಾರ ಒಳ್ಳೆಯ ದಿನವಿದೆ, ಪುರೋಹಿತರನ್ನು ಕರೆದುಕೊಂಡು ಬರುತ್ತೇವೆ, ಅಲ್ಲಿಯ ತನಕ ಕೀರ್ತನನ ಚೌಲ ಮಾತ್ರ ಮಾಡಿಸಬೇಡ, ಅವನ ತಲೆಗೆ ಕತ್ತರಿ ತಾಗಿಸಬೇಡ, ಅದು ನಮ್ಮಲ್ಲಿಯೇ ಆಗಲಿ. ಆ ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೀರಿ. ಮೇಷ್ಟ್ರಾದ ನಾನೂ ಮಕ್ಕಳ ಪುಸ್ತಕದಲ್ಲಿ ಒಂದೇ ಗೆರೆ ಎಳೆಯುವುದು.

ನಾನು ಕೂಡಲೇ ಉತ್ತರ ಬರೆಯಲಿಲ್ಲ ಎಂದು ಸಿಟ್ಟಾಗಿರಬಹುದು. ಆ ಗುರುವಾರ ಎಂಟನೇ ಕ್ಲಾಸಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಮಗು ಅಜ್ಜಿಯ ತೊಡೆಯ ಮೇಲೆ ಕೂತಿತ್ತು ಎಂಬ ಒಂದು ವಾಕ್ಯ. ಲ್ಯಾಪ್ ಎಂದು ಬೋರ್ಡಿನ ಮೇಲೆ ಬರೆದು, ಮಡಿಲು ಎಂದು ಅರ್ಥ ಬರೆಸಿದೆ. ಸುಪ್ರೀತಾ ಎಂಬ ಹುಡುಗಿ ಇದ್ದಾಳೆ, ಅಪ್ಪ ದೋಣಿಗೆ ಹೋಗುವವರು, ಬಾಯಿ ಸುಮ್ಮನಿರುವುದಿಲ್ಲ. ಅವಳು ಎದ್ದು ನಿಂತು, ತನ್ನ ಲಂಗ ಮುಟ್ಟಿ ನೋಡಿಕೊಂಡು, "ಸರ್, ಕೈ ನಿಂತ್ರೂ ಕೈ, ಕೂತ್ರೂ ಕೈ. ಇದ್ ಮಾತ್ರ ನಿಂತ್ರೆ ಎಲ್ಲಿಗ್ ಹೋತ್?" ಎಂದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನು ಕೂತ್ಕೋ ಎಂದೆ. ಅವಳು ಕೂತು, ತೊಡೆ ತಟ್ಟಿಕೊಂಡು, "ಈಗ ಬಂತ್ ಸರ್" ಎಂದಳು. ಹದಿಮೂರು ವರ್ಷದಿಂದ ಈ ಪದವನ್ನು ಕಲಿಸುತ್ತಿದ್ದೇನೆ, ಇದು ಹೊಳೆದಿರಲಿಲ್ಲ ನೋಡಿ. ಕಿವಿ, ಮೂಗು, ಮೊಣಕೈ ಎಲ್ಲ ಮನುಷ್ಯನ ಜೊತೆಗೇ ಹುಟ್ಟಿ ಜೊತೆಗೇ ಸುಡುತ್ತವೆ. ಮಡಿಲು ಒಂದು ಮಾತ್ರ ಆಚೆಯವರ ಮರ್ಜಿಯಲ್ಲಿದೆ, ಅವರು ಕೂತಷ್ಟು ಹೊತ್ತು ಉಂಟು, ಎದ್ದರೆ ಇಲ್ಲ. ನನಗೆ ಆರು ವರ್ಷಕ್ಕೇ ಇದು ತಿಳಿದಿತ್ತು, ಪದ ಗೊತ್ತಿರಲಿಲ್ಲ ಅಷ್ಟೆ.

ಶಾಲೆಯ ಲೈಬ್ರರಿಯಲ್ಲಿ ಒಂದು ದಪ್ಪ ನಿಘಂಟು ಇದೆ, ಗೆದ್ದಲು ಹಿಡಿದದ್ದು, ಪದಗಳ ಮೂಲ ಹೇಳುವಂಥದ್ದು. ಊಟದ ಬಿಡುವಿನಲ್ಲಿ ತೆಗೆದು ನೋಡಿದೆ. ನಿಮಗೆ ಇಂಗ್ಲಿಷ್ ಬಾರದು, ಆದರೆ ಇದು ನಿಮಗೆ ತಿಳಿದಿರಬೇಕಾದ ವಿಷಯ, ಆದ್ದರಿಂದ ಸಾವಕಾಶವಾಗಿ ಬರೆಯುತ್ತೇನೆ. ಆ ಪದ ಮೊದಲು ಮೈಯ ಭಾಗವೇ ಅಲ್ಲವಂತೆ. ಸಾವಿರ ವರ್ಷದ ಕೆಳಗೆ ಅದರ ಅರ್ಥ ಬಟ್ಟೆಯ ಜೋಲುವ ಅಂಚು, ಅಂಗಿಯ ಕೆಳಗಿನ ಸೆರಗು. ಕೋಟಿನ ಎದೆಯ ಮೇಲೆ ಮಡಚಿದ ಪಟ್ಟಿಗೆ ಲ್ಯಾಪೆಲ್ ಎನ್ನುತ್ತಾರಲ್ಲ, ಅದೂ ಇದರದೇ ಕೂಸು. ಆಮೇಲೆ ಹೆಂಗಸರು ಆ ಬಟ್ಟೆಯನ್ನು ಎತ್ತಿ ಹಿಡಿದು ಕಾಯಿಪಲ್ಲೆ, ಹಣ್ಣು ತುಂಬಿಸಿಕೊಂಡರು, ಹಾಗೆ ತುಂಬಿಸಿಕೊಳ್ಳುವ ಜಾಗಕ್ಕೆ ಆ ಹೆಸರು ಬಂತು. ತೊಡೆ ಎಂಬ ಅರ್ಥ ಬಂದದ್ದು ಅದಕ್ಕೂ ಆಮೇಲೆ. ನಮ್ಮ ಮಡಿಲಿನ ಕಥೆಯೂ ಅದೇ ಅಲ್ಲವೇ, ಸೀರೆಯ ಮಡಿಕೆಯಿಂದ ಬಂದದ್ದು. ಎರಡು ದೇಶದ ಜನ, ಒಬ್ಬರನ್ನೊಬ್ಬರು ಕಾಣದವರು, ಒಂದೇ ಮಾತು ಹೇಳಿಟ್ಟಿದ್ದಾರೆ: ಅದು ಬಟ್ಟೆ, ಅದರಲ್ಲಿ ಏನನ್ನಾದರೂ ತುಂಬಿಸಬಹುದು, ಬೇಡವೆನಿಸಿದರೆ ಕೊಡವಬಹುದು. ಈಗ ಇಂಗ್ಲಿಷರು ಅದನ್ನು ಎಲ್ಲೆಲ್ಲೋ ಬಳಸುತ್ತಾರೆ. ದುಡಿಯದೆ ಸಿಕ್ಕಿದ್ದನ್ನು ಮಡಿಲಿಗೆ ಬಿದ್ದದ್ದು ಎನ್ನುತ್ತಾರೆ, ಅದನ್ನು ಓದುವಾಗ ನನಗೆ ನಿಮ್ಮ ಶ್ರೀಶನ ನೆನಪು ಬಂತು. ಇನ್ನು ನಮ್ಮ ಕೈಯಲ್ಲಿಲ್ಲ ಎನ್ನುವುದಕ್ಕೆ ದೇವರ ಮಡಿಲಲ್ಲಿದೆ ಎನ್ನುತ್ತಾರೆ, ಆಗ ನಿಮ್ಮ ಪುರೋಹಿತರ ನೆನಪು ಬಂತು. ನಮ್ಮ ಹೆಡ್‌ಮಾಸ್ಟರರ ಅಳಿಯ ಲ್ಯಾಪ್‌ಟಾಪ್ ತಂದಿದ್ದಾರೆ, ಹೆಸರು ಹಾಗಿದ್ದರೂ ಯಾರೂ ಅದನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದಿಲ್ಲ, ಮೇಜಿನ ಮೇಲೇ ಇಡುವುದು. ಬಿಸಿಯಾಗುತ್ತದಂತೆ.

ಇನ್ನು ನಿಮ್ಮ ಮಡಿಲಿನ ವಿಷಯಕ್ಕೆ ಬರುತ್ತೇನೆ. ನನಗಾಗ ಮೂರು ವರ್ಷ. ಸಾಲಿಗ್ರಾಮದ ನಿಮ್ಮ ಮನೆಯ ಚಾವಡಿಯಲ್ಲಿ ದತ್ತುಹೋಮ. ದೊಡ್ಡಪ್ಪಯ್ಯ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ನೆತ್ತಿ ಮೂಸಿದರು, ಹಾಗೆ ಮೂಸಿದರೆ ಮಗ ಆದ ಹಾಗೆ. ಅವರ ಮೂಗು ತಣ್ಣಗಿತ್ತು, ಅದು ನೆನಪಿದೆ. ಅಲ್ಲಿಂದ ಎತ್ತಿ ನಿಮ್ಮ ಮಡಿಲಿಗೆ ಹಾಕಿದರು. ಹಸಿರು ಪಟ್ಟೆಸೀರೆ, ಅದರ ಜರಿ ನನ್ನ ತೊಡೆಗೆ ಗೀರುತ್ತಿತ್ತು, ಆದರೂ ನಾನು ಮಿಸುಕಲಿಲ್ಲ. ನನ್ನ ಅಮ್ಮ ಅಲ್ಲಿಯೇ ಕಂಬಕ್ಕೆ ಒರಗಿ ನಿಂತಿದ್ದಳು, ಅವಳನ್ನು ಚಿಕ್ಕಮ್ಮ ಎನ್ನಬೇಕು ಎಂದು ಆಗಲೇ ಕಲಿಸಿಯಾಗಿತ್ತು. ಸುಳ್ಳು ಹೇಳುವುದಿಲ್ಲ ದೊಡ್ಡಮ್ಮ, ಆಮೇಲಿನ ಮೂರು ವರ್ಷ ನೀವು ನನ್ನನ್ನು ಚೆನ್ನಾಗಿ ನೋಡಿಕೊಂಡಿರಿ. ಅಕ್ಕಿ ಆರಿಸುವಾಗ, ಹೂ ಕಟ್ಟುವಾಗ, ಹರಟೆಗೆ ಕೂತಾಗ ನಾನು ಅಲ್ಲೇ. ನೆರೆಮನೆಯವರು ಬಂದರೆ "ನಮ್ ಮಾಣಿ" ಎಂದು ಗಲ್ಲ ಹಿಡಿದು ತೋರಿಸುತ್ತಿದ್ದಿರಿ. ಅದೇ ನನ್ನನ್ನು ಕೆಡಿಸಿದ್ದು. ಮೊದಲಿನಿಂದಲೇ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಶ್ರೀಶ ಹುಟ್ಟಿದ. ತೊಟ್ಟಿಲು ಶಾಸ್ತ್ರ ಆಗಿ ನಾಲ್ಕು ದಿನವಾಗಿರಬೇಕು. ನೀವು ಒಳಗೆ ಚಾಪೆಯ ಮೇಲೆ ಮಗುವನ್ನು ಹಾಕಿಕೊಂಡು ಕೂತಿದ್ದಿರಿ. ನಾನು ಯಾವಾಗಿನ ಹಾಗೆ ಬಂದು ಒಂದು ಬದಿಯ ತೊಡೆಯ ಮೇಲೆ ಕೂರಹೋದೆ. "ಮಾಣಿ, ಇಲ್ಲ್ ಜಾಗ ಇಲ್ಲೆ" ಎಂದಿರಿ. ಬೈಯಲಿಲ್ಲ, ಹೊಡೆಯಲಿಲ್ಲ, ಬಸ್ಸಿನ ಕಂಡಕ್ಟರ್ ಹೇಳಿದ ಹಾಗೆ ಹೇಳಿದಿರಿ. ಮರುವಾರ ಪುರೋಹಿತರು ಬಂದರು. ಹುಟ್ಟಿದ ಮನೆಯಲ್ಲಿ ಮೊದಲ ಕೂದಲು ತೆಗೆಸಿದ ಮಾಣಿ ಆ ಗೋತ್ರಕ್ಕೇ ಅಂಟಿಕೊಂಡವನು, ಅವನನ್ನು ದತ್ತು ತೆಗೆದುಕೊಂಡರೆ ಅದು ನಿಲ್ಲುವುದಿಲ್ಲ ಎಂದರಂತೆ. ನನಗೆ ಎರಡು ವರ್ಷವಿದ್ದಾಗ ಜ್ವರ ತಲೆಗೇರಿ ಪ್ರಾಣ ಹೋಗುವ ಹಾಗಾಗಿತ್ತು, ಅಮ್ಮ ಕೋಟೇಶ್ವರದ ದೇವರಿಗೆ ಕೂದಲಿನ ಹರಕೆ ಹೇಳಿಕೊಂಡಿದ್ದಳು, ಅದನ್ನು ತೀರಿಸಿದ್ದಳು. ಆ ವಿಷಯ ನಿಮಗೆ ಈಗಷ್ಟೇ ಗೊತ್ತಾಯಿತು ಎಂದಿರಿ, ತಂಗಿ ಮುಚ್ಚಿಟ್ಟು ನಿಮ್ಮ ಮನೆಗೆ ದೋಷ ತಂದಳು ಎಂದು ಎದೆ ಹೊಡೆದುಕೊಂಡಿರಿ. ಕಾಗದಪತ್ರ ಏನೂ ಮಾಡಿಸಿರಲಿಲ್ಲವಲ್ಲ, ಕೊಟ್ಟದ್ದೂ ಬಾಯಿಮಾತು, ವಾಪಸು ಕಳಿಸಿದ್ದೂ ಬಾಯಿಮಾತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಎರಡು ಚಡ್ಡಿ, ಎರಡು ಅಂಗಿ, ಒಂದು ಸ್ಲೇಟು ಚೀಲಕ್ಕೆ ತುಂಬಿ, ಇನ್ನು ಮೇಲೆ ನನ್ನನ್ನು ದೊಡ್ಡಮ್ಮ ಅನ್ನಬೇಕು ಎಂದು ಹೇಳಿ ಐತನ ಜೊತೆ ಕಳಿಸಿದಿರಿ. ಬಾಗಿಲಿಗೆ ಬಂದಿರಿ, ಶ್ರೀಶ ಕಂಕುಳಲ್ಲಿದ್ದ.

ಐತ ನಿಮ್ಮ ಗದ್ದೆಯ ಆಳು. ಅಂಗಳದ ಆಚೆ ನಿಂತು ಮಾತಾಡುವವನು, ಅವನಿಗೆ ನೀರನ್ನು ಮೇಲಿನಿಂದ ಹೊಯ್ಯುತ್ತಿದ್ದಿರಿ. ಬಸ್ಸು ತುಂಬಿತ್ತು, ಅವನಿಗೊಂದು ಸೀಟು ಸಿಕ್ಕಿತು. ನಾನು ನಿಂತು ಅಳುತ್ತಿದ್ದೆ. ಅವನು ಆಚೆ ಈಚೆ ನೋಡಿ, ನನ್ನನ್ನು ಎತ್ತಿ ತನ್ನ ತೊಡೆಯ ಮೇಲೆ ಕೂರಿಸಿಕೊಂಡ. ಸಾಲಿಗ್ರಾಮದಿಂದ ಕೋಟೇಶ್ವರದ ತನಕ ಇಳಿಸಲಿಲ್ಲ. ಇಳಿಯುವಾಗ ಕಿವಿಯಲ್ಲಿ, "ಮನಿಯಂಗ್ ಹೇಳ್ಬೇಡಿ ಸಣ್ಣಯ್ಯ, ಮತ್ತೆ ಮೈಲಿಗಿ ಅಂದೇಳಿ ನಿಮ್ಮನ್ನ್ ಮೀಸ್ತ್ರ್" ಎಂದ. ನಾನು ಇಂದಿನ ತನಕ ಯಾರಿಗೂ ಹೇಳಿರಲಿಲ್ಲ. ಐತ ಸತ್ತು ಹತ್ತು ವರ್ಷವಾಯಿತಲ್ಲ, ಈಗ ಹೇಳಿದರೆ ಅಡ್ಡಿಯಿಲ್ಲ. ನೀವು ಬೇಕಿದ್ದರೆ ಈ ಕಾಗದ ಓದಿ ಮೀಯಿರಿ.

ಮನೆಯ ಮೆಟ್ಟಿಲ ಮೇಲೆ ಅಮ್ಮ ಕೂತಿದ್ದಳು. ಸುದ್ದಿ ಮೊದಲೇ ಬಂದಿರಬೇಕು. ಸೀರೆ ಸರಿಮಾಡಿಕೊಂಡು, ತೊಡೆ ತಟ್ಟಿ, "ಬಾ ಮಗಾ, ಕೂಕೊ" ಎಂದಳು. ನಾನು ಅಂಗಳದಲ್ಲೇ ನಿಂತು, "ನಂಗೆ ಕಾಲ್ ಇತ್ತ್ ಚಿಕ್ಕಮ್ಮ, ನಿಂತ್ಕಂತೆ" ಎಂದೆ. ಆರು ವರ್ಷದ ಹುಡುಗನ ಬಾಯಲ್ಲಿ ಬಂದ ಮಾತು ಅದು, ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಅವಳು ಆಮೇಲೂ ಎಷ್ಟೋ ದಿನ ತೊಡೆ ತಟ್ಟಿ ಕರೆದಳು, ಕೊನೆಗೆ ಬಿಟ್ಟಳು. ಅಮ್ಮ ಎಂದು ಕರೆಯಲು ನನಗೆ ಒಂದು ವರ್ಷ ಬೇಕಾಯಿತು, ಹತ್ತಿರ ಕೂರಲು ಆಗಲೇ ಇಲ್ಲ. ಅವಳು ಸಾಯುವ ತನಕ ಒಂದೇ ಮಾತು ಹೇಳುತ್ತಿದ್ದಳು: "ಹರಕಿ ಹೇಳ್ಕಂಡ್ ನಾನೇ ಮಾಣಿಯ ಅನ್ನ ತೆಗ್ದೆ." ನಿಮ್ಮ ಮನೆಯಲ್ಲಿ ಸುಖವಾಗಿ ಬೆಳೆಯಬೇಕಾದವನನ್ನು ತನ್ನ ಹರಕೆ ಹಾಳುಮಾಡಿತು ಎಂದು. ಎರಡು ವರ್ಷದ ಕೆಳಗೆ ಅವಳ ಕೊನೆಯ ದಿನ, ಉಸಿರು ಎಳೆಯುತ್ತಿತ್ತು, ವಿನಯಾ ನನಗೆ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ ಎಂದಳು. ನಾನು ಒಳಗೆ ಹೋಗಿ ದಿಂಬು ತಂದೆ. ಮೂವತ್ತೈದು ವರ್ಷದ ಗಂಡಸು, ಮೇಷ್ಟ್ರು, ಸಾಯುವ ತಾಯಿಗೆ ದಿಂಬು ತಂದೆ. ಆ ದಿಂಬಿನ ಪಾಪ ನನ್ನದೇ, ಆದರೆ ಅದರ ಹತ್ತಿ ನೀವು ತುಂಬಿಸಿದ್ದು. ನನ್ನ ಮಕ್ಕಳಿಬ್ಬರೂ ಮೊನ್ನೆಯ ತನಕ ನನ್ನ ತೊಡೆ ಏರಿದವರಲ್ಲ. ಅವರು ಓಡಿ ಬಂದರೆ ನಾನು ಏನಾದರೂ ನೆಪ ಮಾಡಿ ಎದ್ದುಬಿಡುತ್ತೇನೆ. "ನಿಮ್ ಅಪ್ಪಯ್ಯಂಗೆ ಕೂಕಂಬುಕೇ ಬತ್ತಿಲ್ಲೆ" ಎಂದು ವಿನಯಾ ನಗುತ್ತಾಳೆ.

ಇಷ್ಟೂ ನನಗೆ ಮೊದಲೇ ಗೊತ್ತಿದ್ದ ಕಥೆ. ಇದಕ್ಕಾಗಿ ಮಾತ್ರ ನಿಮಗೆ ಇಷ್ಟು ಕಟುವಾಗಿ ಬರೆಯುತ್ತಿರಲಿಲ್ಲ. ಮಗು ಹುಟ್ಟಿದ ಸಡಗರದಲ್ಲಿ, ಪುರೋಹಿತರ ಮಾತಿಗೆ ಹೆದರಿ ಮಾಡಿದ್ದು ಎಂದು ಬಿಟ್ಟಿದ್ದೆ. ಕಳೆದ ಭಾನುವಾರ ಕೋಟೇಶ್ವರಕ್ಕೆ ಹೋಗಿದ್ದೆ. ಕ್ಷೌರದ ಮುತ್ತ ಈಗಲೂ ಇದ್ದಾನೆ, ಎಂಬತ್ತು ದಾಟಿದೆ, ಮಗನ ಕಟಿಂಗ್ ಅಂಗಡಿಯ ಬಾಗಿಲಲ್ಲಿ ಸ್ಟೂಲ್ ಹಾಕಿ ಕೂರುತ್ತಾನೆ. ನನ್ನನ್ನು ಕಂಡು, "ಹ್ವಾಯ್ ಮಾಷ್ಟ್ರೇ, ನಿಮ್ಮ್ ತಲಿ ಮೊದ್ಲ್ ಬೋಳ್ಸದ್ ನಾನೇ ಅಲ್ದಾ" ಎಂದು ಶುರುಮಾಡಿದ. "ನಿಮ್ಮ್ ಅಮ್ಮ ಆ ದಿನ ಮುಟ್ಟಾಯ್ ಹೊರಗಿದ್ದಿರ್. ದಿನ ತಪ್ಸೂಕಾಗ ಅಂದೇಳಿ ಸಾಲಿಗ್ರಾಮದ್ ಅಮ್ಮನೇ ಬಂದ್ ನಿಮ್ಮನ್ನ್ ತೊಡಿ ಮೇಲ್ ಕೂರ್ಸ್ಕಂಡದ್. ನೀವ್ ಕೂಗಿ ಕೂಗಿ ಅವ್ರ್ ಸೀರಿ ಪೂರಾ ಒದ್ದಿ ಮಾಡಿದ್ರಿ." ಅವನು ಹಲ್ಲಿಲ್ಲದ ಬಾಯಲ್ಲಿ ನಗುತ್ತಿದ್ದ. ನನಗೆ ಅವನ ಸ್ಟೂಲಿನ ಪಕ್ಕದಲ್ಲಿ ನೆಲಕ್ಕೇ ಕೂರಬೇಕಾಯಿತು.

ಅಲ್ಲ ದೊಡ್ಡಮ್ಮ, ನನ್ನ ಮೊದಲ ಕೂದಲು ಉದುರಿದ್ದೇ ನಿಮ್ಮ ಸೀರೆಯ ಮೇಲೆ! ಅದನ್ನು ಕೊಡವಿ ಎದ್ದವರು ನೀವು. ಮರುವರ್ಷ ಎಲ್ಲ ಗೊತ್ತಿದ್ದೇ ದತ್ತು ತೆಗೆದುಕೊಂಡಿರಿ, ಆಗ ದೋಷ ಕಾಣಲಿಲ್ಲ. ಸ್ವಂತದ್ದು ಹುಟ್ಟಿದ ಮೇಲೆ ಆ ಕೂದಲು ನೆನಪಾಯಿತು. ನನ್ನನ್ನು ಕಳಿಸಿದ್ದಕ್ಕೆ ನಾನು ಬೇಕಿದ್ದರೆ ಕ್ಷಮಿಸಿಯೇನು. ಆದರೆ ನನ್ನ ಅಮ್ಮ ಮೂವತ್ತು ವರ್ಷ ತನ್ನ ಹರಕೆಯನ್ನೇ ಶಪಿಸಿಕೊಂಡು ಅತ್ತಳು, ನೀವೇ ಕೂರಿಸಿಕೊಂಡದ್ದು ಎಂದು ಅಕ್ಕನ ಮಾನಕ್ಕಾಗಿ ಯಾರಿಗೂ ಹೇಳಲಿಲ್ಲ, ನೀವು ಹಬ್ಬಕ್ಕೆ ಬಂದು ಹೋಗಿ ಆ ಅಳುವನ್ನು ಕೇಳಿಸಿಕೊಂಡಿರಿ, ನಮ್ಮ ಮನೆಯ ಪಾಯಸ ಉಂಡಿರಿ, ಒಂದು ಸಲವೂ ಎಲ್ಲರೆದುರು "ವನಜಂದ್ ತಪ್ಪಿಲ್ಲೆ, ನಂಗೆ ಮೊದ್ಲೇ ಗೊತ್ತಿತ್ತ್" ಎನ್ನಲಿಲ್ಲ. ಅವಳ ಹೆಣದ ಮುಂದೆ ನೀವು ಎಲ್ಲರಿಗಿಂತ ಗಟ್ಟಿಯಾಗಿ ಅತ್ತದ್ದು ನನಗೆ ನೆನಪಿದೆ. ನನಗೆ ನಿಮ್ಮನ್ನು ಕಂಡರೆ ಅಸಹ್ಯವಾಗುತ್ತದೆ. ಹಿರಿಯರಿಗೆ ಹೀಗೆ ಬರೆಯಬಾರದು ಎಂದು ಗೊತ್ತಿದ್ದೇ ಬರೆದಿದ್ದೇನೆ.

ಯಾಮಿನಿಯ ಬಗ್ಗೆ ಮಾತ್ರ ಸಂಕಟವಾಗುತ್ತದೆ. ಅವಳದೇನೂ ತಪ್ಪಿಲ್ಲ. ವಿನಯಾಳಿಗೆ ಫೋನ್ ಮಾಡಿ ಕೀರ್ತನನ ಅಂಗಿಯ ಅಳತೆ ಕೇಳಿದಳಂತೆ, ರಾತ್ರಿ ನಿದ್ದೆಗೆ ಯಾವ ಜೋಗುಳ ಹೇಳಿದರೆ ಒಳ್ಳೆಯದು ಎಂದು ಕೇಳಿದಳಂತೆ. ಅವನಿಗೆಂದು ಒಂದು ನೀಲಿ ಉಣ್ಣೆಯ ಟೊಪ್ಪಿ ಹೆಣೆದು ಮುಗಿಸಿದ್ದಾಳಂತೆ. ವಿನಯಾ ಫೋನ್ ಇಟ್ಟು ಅಡುಗೆಮನೆಯಲ್ಲಿ ಅತ್ತಳು. "ನಿಮ್ಮ್ ಸಿಟ್ಟ್ ನಿಮ್ಮ್ ದೊಡ್ಡಮ್ಮನ್ ಮೇಲೆ, ಪೆಟ್ಟ್ ಬೀಳ್ತಿಪ್ಪುದ್ ಆ ಹೆಣ್ಣಿಗ್" ಎಂದಳು. ಹೌದು, ಅವಳು ಹೇಳಿದ್ದು ಸರಿ. ಆದರೆ ನನ್ನ ಮಗನನ್ನು ನೀವು ಇರುವ ಮನೆಗೆ ನಾನು ಕಳಿಸಲಾರೆ. ಯಾಮಿನಿಗೆ ನಾಳೆ ಒಂದು ಹುಟ್ಟಿದರೆ ನಿಮಗೆ ಮತ್ತೇನು ನೆನಪಾಗುತ್ತದೋ ಯಾರು ಕಂಡವರು! ಆದ್ದರಿಂದ ೨೭ಕ್ಕೆ ಬರಬೇಡಿ. ಕಾರು ಮಾಡಿದ್ದರೆ ಬೇಡವೆನ್ನಿ. ಯಾಮಿನಿಗೆ ಯಾಕೆ ಎಂದು ನೀವೇ ಹೇಳಬೇಕು, ಪೂರ್ತಿ ಹೇಳಬೇಕು. ನೀವು ಹೇಳದಿದ್ದರೆ ಈ ಕಾಗದದ ಇನ್ನೊಂದು ಪ್ರತಿ ಬರೆದು ಇಟ್ಟಿದ್ದೇನೆ, ಅವಳ ಹೆಸರಿಗೆ ಕಳಿಸುತ್ತೇನೆ. ಮಾಡಿದ್ದುಣ್ಣೋ ಮಹಾರಾಯ ಎಂದು ನೀವೇ ನಮಗೆ ಕಲಿಸಿದ್ದು.

ಕಾಗದದ ಕೊನೆಗೆ ಆಶೀರ್ವಾದ ಬೇಡುವುದು ನಮ್ಮಲ್ಲಿ ರೂಢಿ. ನಿಮ್ಮಲ್ಲಿ ಬೇಡಲು ನನಗೆ ಏನೂ ಉಳಿದಿಲ್ಲ, ನಿಮ್ಮ ಮಂಡಿ ಬೇಗ ಗುಣವಾಗಲಿ ಎಂದು ನಾನೇ ಹಾರೈಸುತ್ತೇನೆ. ಶ್ರೀಶನಿಗೆ ನೆನಪುಗಳು, ಯಾಮಿನಿಗೆ ನಮ್ಮಿಬ್ಬರ ಪ್ರೀತಿ. ಒಂದೂವರೆಗೆ ಪೋಸ್ಟ್ ಆಫೀಸ್ ಮುಚ್ಚುತ್ತದೆ, ಓಡಬೇಕು.

ಇತಿ,
ಮೂರು ವರ್ಷ ನಿಮ್ಮ ಮಗನಾಗಿದ್ದ
ಕಮಲಾಕ್ಷ

ವಿ.ಸೂ.: ಮುಖ್ಯವಾದದ್ದೇ ಬಿಟ್ಟುಹೋಯಿತು. ಯಾಮಿನಿ ಹೆಣೆದ ಟೊಪ್ಪಿ ಕಳಿಸುವುದಾದರೆ ಕಳಿಸಲಿ, ಕೀರ್ತನನ ತಲೆಗೆ ಈಗ ಚಳಿಯಾಗುತ್ತದೆ. ಮೊನ್ನೆ ಬುಧವಾರ ಕೋಟೇಶ್ವರದಲ್ಲಿ ಅವನ ಮೊದಲ ಕೂದಲು ತೆಗೆಸಿದೆ. ಮುತ್ತನ ಕೈ ನಡುಗುತ್ತದೆ, ಮೂರು ಎಳೆ ಅವನು ತೆಗೆದು ಶಾಸ್ತ್ರ ಮಾಡಿದ, ಉಳಿದದ್ದನ್ನು ಅವನ ಮಗ ಬೋಳಿಸಿದ. ಒಂದು ಚೂರು ಕೂದಲು ಈ ಕವರಿನೊಳಗೆ ಇಟ್ಟಿದ್ದೇನೆ, ನಿಮ್ಮ ಪುರೋಹಿತರಿಗೆ ತೋರಿಸಿ. ಹುಟ್ಟಿದ ಮನೆಯಲ್ಲಿ ಕೂದಲು ತೆಗೆದ ಮಾಣಿ ದತ್ತುವಿಗೆ ನಿಲ್ಲುವುದಿಲ್ಲ, ನಿಮ್ಮದೇ ಕಾನೂನು. ತಾಯಿಯ ಮಡಿಲಲ್ಲಿ ಕೂರಿಸುವುದು ಪದ್ಧತಿ, ಆದರೆ ವಿನಯಾ ಯಾಮಿನಿಯ ಮುಖ ನೆನೆದು ತನ್ನಿಂದಾಗದು ಎಂದಳು. ನಾನು ಕೂರಿಸಿಕೊಂಡೆ. ಅವನು ಕೂಗಿ ಕೂಗಿ ನನ್ನ ಪಂಚೆ ಒದ್ದೆ ಮಾಡಿದ. ಮುತ್ತ "ಆಯ್ತ್ ಮಾಷ್ಟ್ರೇ, ಏಳಿ" ಎಂದ. ಮಗು ಹಾಗೇ ನಿದ್ದೆ ಹೋಗಿತ್ತು, ನನ್ನ ಕಾಲು ಜೋಮು ಹಿಡಿದಿತ್ತು. ನಾನು ಏಳಲಿಲ್ಲ.